ಎರಡನೇ ಗೇರಿನ ಲೈಸೆನ್ಸು

"ಸಾರ್, ಆ ಎಲ್ ಬೋರ್ಡ್ ತೆಗೆದುಬಿಡೋಣ ಸಾರ್."

ಟೀಚರಮ್ಮ ಈ ಮಾತು ಹೇಳಿದ್ದು ತೂಬಿನಕೆರೆ ಹತ್ತಿರ. ಸರ್ವಿಸ್ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ, ಬಾಟಲಿಯ ನೀರು ಅರ್ಧ ಕುಡಿದ ಮೇಲೆ. ಬೆಳಿಗ್ಗೆ ಆರೂಮುಕ್ಕಾಲು ಇರಬೇಕು. ಅವರ ಕೈ ಇನ್ನೂ ನಡುಗುತ್ತಿತ್ತು. ಐದು ನಿಮಿಷದ ಹಿಂದೆ ಮೈಸೂರು ಹೈವೇಯಲ್ಲಿ ಒಂದು ಬಿಳಿ ಗಾಡಿ ನಮ್ಮ ಬೆನ್ನಿಗೆ ಅಂಟಿಕೊಂಡಿತ್ತು. ನಾವು ಎಡಗಡೆ ಲೇನಿನಲ್ಲಿ 70ರಲ್ಲಿ ಹೋಗುತ್ತಿದ್ದೆವು. ಬಲಗಡೆ ಎರಡು ಲೇನ್ ಖಾಲಿ ಬಿದ್ದಿದ್ದವು. ಆದರೂ ಅವನಿಗೆ ನಮ್ಮ ಲೇನೇ ಬೇಕಾಗಿತ್ತು. ಹಾರ್ನ್, ಡಿಪ್ಪರ್, ಮತ್ತೆ ಹಾರ್ನ್. ಕೊನೆಗೆ ಬಲಕ್ಕೆ ಬಂದ. ಬಂದವನು ಸುಮ್ನೆ ಹೋದನಾ? ಇಲ್ಲ. ನಮ್ಮ ಪಕ್ಕದಲ್ಲೇ ಸ್ವಲ್ಪ ದೂರ ಓಡಿಸಿ, ಒಳಗೆ ಯಾರಿದ್ದಾರೆ ಅಂತ ಬಗ್ಗಿ ನೋಡಿ, ನಕ್ಕು, ಮೂತಿಗೇ ಕಟ್ ಹೊಡೆದು ಹೋದ.

"ಬೋರ್ಡ್ ನೋಡಿದ್ಮೇಲೇ ಸಾರ್ ಅವ್ನು ಹತ್ರ ಬಂದಿದ್ದು. ಅಲ್ಲೀವರ್ಗೂ ದೂರ ಇದ್ದ."

ನಾನು ಏನೂ ಹೇಳಲಿಲ್ಲ. ಅವರು ಹೇಳಿದ್ದು ನಿಜವೇ ಇತ್ತು.

ನಾನು ಮಂಡ್ಯದಲ್ಲಿ ಡ್ರೈವಿಂಗ್ ಕಲಿಸುವವನು. 2007ರಿಂದ ಇದೇ ಕೆಲಸ. ಎಡಗಡೆ ಸೀಟು, ಕಾಲ ಬಳಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಗಾಜಿನ ಮೇಲೆ ನನಗೇ ಅಂತ ಅಂಟಿಸಿಕೊಂಡ ಎರಡನೇ ಕನ್ನಡಿ. ಸ್ಟೀರಿಂಗ್ ಮಾತ್ರ ಒಂದೇ, ಅದು ಕಲಿಯುವವರ ಕೈಯಲ್ಲಿ. ಇಷ್ಟು ವರ್ಷ ಎಡಗಡೆ ಕೂತು ಕೂತು ನನ್ನ ಬಲಗಾಲು ಯಾವ ವಾಹನದಲ್ಲಿ ಕೂತರೂ ನೆಲವನ್ನು ಒತ್ತುತ್ತದೆ. ಬಸ್ಸಿನಲ್ಲಿ ಹೋಗುವಾಗ ನನ್ನ ಹೆಂಡತಿ ನನ್ನ ಮಂಡಿ ಮೇಲೆ ಕೈ ಇಟ್ಟು "ಡ್ರೈವರ್ ಇದ್ದಾರೆ, ನೀವು ಸುಮ್ನಿರಿ" ಅನ್ನುತ್ತಾಳೆ.

ಊರೊಳಗೆ ಎಲ್ ಬೋರ್ಡಿನ ಕಾರನ್ನು ಕಂಡರೆ ಜನ ತಮಾಷೆ ಮಾಡುತ್ತಾರೆ, ಬೈಯುತ್ತಾರೆ, ಆದರೆ ಜಾಗ ಬಿಡುತ್ತಾರೆ. ಸಂಜಯ ಸರ್ಕಲ್‌ನಲ್ಲಿ ಗಾಡಿ ಆಫ್ ಆಗಿ ನಿಂತರೆ ಆಟೋದವರು ತಲೆ ಆಚೆ ಹಾಕಿ "ಅಕ್ಕಾ, ಆಫ್ ಕ್ಲಚ್ ಅಕ್ಕಾ" ಅಂತ ಅವರೇ ಪಾಠ ಶುರು ಮಾಡುತ್ತಾರೆ. ನೂರಡಿ ರಸ್ತೆಯಲ್ಲಿ ಒಬ್ಬ ಹೂವಿನವರು ನನ್ನ ವಿದ್ಯಾರ್ಥಿಗಳನ್ನು ಮುಖ ನೋಡಿಯೇ ಎಷ್ಟನೇ ದಿನದ ಕ್ಲಾಸು ಅಂತ ಹೇಳಬಲ್ಲರು. ಅಲ್ಲಿ ತಪ್ಪಾದರೆ ಬಂಪರ್ ಹೋಗುತ್ತದೆ, ಮಾನ ಹೋಗುತ್ತದೆ. ಅಷ್ಟೇ. ಹೈವೇ ಲೆಕ್ಕವೇ ಬೇರೆ.

ಲೆಕ್ಕ ಅಂದೆನಲ್ಲ, ಒಂದು ಲೆಕ್ಕ ಹೇಳುತ್ತೇನೆ. ಎಲ್ ಬೋರ್ಡ್ ಹೇಗಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿದೆ. ಬಿಳಿ ಹಿನ್ನೆಲೆ, ಕೆಂಪು ಅಕ್ಷರ. ಹಲಗೆ 18 ಸೆಂಟಿಮೀಟರ್ ಚೌಕಕ್ಕಿಂತ ಕಡಿಮೆ ಇರಬಾರದು, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕಿಂತ ಕಡಿಮೆ ಇರಬಾರದು. ಒಂದು ದಿನ ಕ್ಲಾಸ್ ಇಲ್ಲದಾಗ ಗುತ್ತಲು ರಸ್ತೆಯಲ್ಲಿ ಕಾರು ನಿಲ್ಲಿಸಿ, ಹಿಂದಕ್ಕೆ ಹೆಜ್ಜೆ ಹಾಕಿ ನೋಡಿದೆ. 60 ಹೆಜ್ಜೆ ದಾಟಿದ ಮೇಲೆ ನನ್ನ ಕಣ್ಣಿಗೆ ಅದು ಎಲ್ ಅಂತ ಗೊತ್ತಾಗಲಿಲ್ಲ, ಏನೋ ಕೆಂಪು ಗೆರೆ ಅಂತ ಮಾತ್ರ ಕಂಡಿತು. 60 ಹೆಜ್ಜೆ ಅಂದರೆ ಸುಮಾರು 45 ಮೀಟರ್. ಹೈವೇಯಲ್ಲಿ ಹಿಂದಿನವನು 100ರಲ್ಲಿ ಬರುತ್ತಿದ್ದು, ನಾವು 60ರಲ್ಲಿದ್ದರೆ, ಅಕ್ಷರ ಕಂಡ ನಾಲ್ಕು ಸೆಕೆಂಡಿಗೆ ಅವನು ನಮ್ಮ ಡಿಕ್ಕಿಯಲ್ಲಿರುತ್ತಾನೆ. ಆ ನಾಲ್ಕು ಸೆಕೆಂಡಿನಲ್ಲಿ ಅವನು ಫೋನ್ ನೋಡುತ್ತಿದ್ದರೆ ಮುಗಿಯಿತು.

ಇದು ಕಾಣದವರ ಕತೆ. ಕಂಡೂ ಹತ್ತಿರ ಬರುವವರದು ಇನ್ನೊಂದು ಕತೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೈವೇಗೆ ಕಲಿಯುವವರನ್ನು ಕರೆದುಕೊಂಡು ಹೋಗುವ ಅಭ್ಯಾಸ ನನಗೆ ಮೊದಲು ಇರಲಿಲ್ಲ. ನಮ್ಮ ಕಡೆ ಸುಮಾರು ಸ್ಕೂಲುಗಳಲ್ಲಿ ಇಲ್ಲ. ನಿಯಮದ ಪ್ರಕಾರ ಕಾರು ಕಲಿಸಲು ಕನಿಷ್ಠ 21 ದಿನ, ಅದರಲ್ಲಿ ನಿಜವಾಗಿ ಓಡಿಸುವುದು ಕನಿಷ್ಠ 10 ಗಂಟೆ. ದಿನಕ್ಕೆ ಅರ್ಧ ಗಂಟೆ ಕ್ಲಾಸು. ಮೊದಲ ವಾರ ಕ್ಲಚ್ಚು ಮತ್ತು ಅಳು. ಎರಡನೇ ವಾರ ಗೇರು, ತಿರುವು, ಸ್ಪೀಡ್ ಬ್ರೇಕರ್. ಮೂರನೇ ವಾರ ಪೂರ್ತಿ ಟೆಸ್ಟಿನ ತಯಾರಿ: ಎಂಟು ಹಾಕುವುದು, ರಿವರ್ಸ್ ತೆಗೆಯುವುದು, ಏರಿನಲ್ಲಿ ಹಿಂದಕ್ಕೆ ಜಾರದೆ ಎತ್ತುವುದು. ಟೆಸ್ಟಿನ ದಿನ ಬ್ರೇಕ್ ಇನ್ಸ್‌ಪೆಕ್ಟರ್ ನೋಡುವುದೂ ಇಷ್ಟೇ. ನನ್ನ ಹುಡುಗರು ಟೆಸ್ಟಿನಲ್ಲಿ ಮೂರನೇ ಗೇರ್ ಹಾಕಿದ್ದು ನನಗೆ ನೆನಪಿಲ್ಲ. ಹಾಕಲು ಜಾಗವೇ ಇರುವುದಿಲ್ಲ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸು) ಸಿಕ್ಕಿದ 30 ದಿನಕ್ಕೆ ಟೆಸ್ಟಿಗೆ ಹೋಗಬಹುದು. ಪಾಸಾದರೆ ಅದೇ ಲೈಸೆನ್ಸು ಇಡೀ ದೇಶದ ಯಾವ ರಸ್ತೆಗೂ ಆಗುತ್ತದೆ. ಎರಡನೇ ಗೇರಿನಲ್ಲಿ ಪಡೆದ ಲೈಸೆನ್ಸಿನಲ್ಲಿ ಐದನೇ ಗೇರಿನ ರಸ್ತೆಗೆ.

2021ರಲ್ಲಿ ಸರ್ಕಾರ ಮಾನ್ಯತೆ ಪಡೆದ ತರಬೇತಿ ಕೇಂದ್ರ ಅಂತ ಹೊಸ ನಿಯಮ ತಂದಿತು. ಅಲ್ಲಿ ಕಾರಿಗೆ 29 ಗಂಟೆಯ ಪಾಠ, ಓಡಿಸುವ ಭಾಗದಲ್ಲಿ ಹೈವೇ ಕೂಡ ಸೇರಿದೆ. ಓದಿ ಖುಷಿಯಾಯಿತು. ಮುಂದಿನ ಸಾಲು ಓದಿದೆ: ಬಯಲು ಪ್ರದೇಶದಲ್ಲಿ ಕನಿಷ್ಠ ಎರಡು ಎಕರೆ ಜಾಗ ಬೇಕು. ಎರಡು ಎಕರೆ ಇದ್ದಿದ್ದರೆ ನಾನು ಕಬ್ಬು ಹಾಕುತ್ತಿದ್ದೆ ಸ್ವಾಮಿ.

ನನ್ನನ್ನು ಬದಲಾಯಿಸಿದ್ದು ನಿಯಮ ಅಲ್ಲ, ಒಂದು ಫೋನು.

ಒಬ್ಬರು ಹಾಲಿನ ಡೈರಿ ಸೆಕ್ರೆಟರಿ. ವಯಸ್ಸು 44. ನಲವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟ್ ತರಬೇಕು ಅಂದಾಗ "ಎಮ್ಮೆಗೂ ಇಷ್ಟು ಚೆಕಪ್ ಇಲ್ಲ ಸಾ" ಅಂದಿದ್ದ ಮನುಷ್ಯ. ಒಳ್ಳೆಯ ಕೈ. ಎಂಟನ್ನು ಒಂದೇ ಸಲಕ್ಕೆ ಹಾಕಿ ಪಾಸಾದರು. ಸೆಕೆಂಡ್ ಹ್ಯಾಂಡ್ ಆಲ್ಟೊ ತೆಗೆದುಕೊಂಡರು. ಪೂಜೆ ಮಾಡಿಸಿ, ನಿಂಬೆಹಣ್ಣು ತುಳಿಸಿ, ಮುಂದಿನ ಭಾನುವಾರವೇ ತಾಯಿ, ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟರು. ಹೈವೇ ಶುರುವಾಗಿ ಕೆಲವು ತಿಂಗಳಾಗಿತ್ತು ಆಗ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದರು, ನಾವೂ ಹೋಗಿ ಬಿಸಿಲಿನಲ್ಲಿ ನಿಂತಿದ್ದೆವು. ಹೊಸ ರಸ್ತೆ, ಹೊಸ ಕಾರು, ಹೊಸ ಲೈಸೆನ್ಸು.

ಫೋನ್ ಬಂತು. "ಸಾ, ಐವೇಲಿ ನಿಂತೋಗಿದೀನಿ ಸಾ."

ಬದಿಯಲ್ಲಾ ಅಂತ ಕೇಳಿದೆ. "ಇಲ್ಲ ಸಾ. ನಡೂಕೆ."

ಎಡಗಡೆ ಲೇನಿನಲ್ಲಿ 50ರಲ್ಲಿ ಹೋಗುತ್ತಿದ್ದರಂತೆ. ಹಿಂದೆ ಒಂದು ಕಂಟೇನರ್ ಲಾರಿ ಬಂದು ಹಾರ್ನ್ ಒತ್ತಿಹಿಡಿದಿದೆ. ಇವರು ಗಾಬರಿಯಲ್ಲಿ ಬಲಕ್ಕೆ ಎಳೆದಿದ್ದಾರೆ. ಬಲಗಡೆಯಿಂದ ಇನ್ನೊಂದು ಹಾರ್ನ್. ಬ್ರೇಕ್ ತುಳಿದಿದ್ದಾರೆ, ಕ್ಲಚ್ ಮರೆತಿದ್ದಾರೆ. ಗಾಡಿ ಆಫ್. ಮೂರು ಲೇನಿನ ನಡುವೆ ಒಂದು ಆಲ್ಟೊ, ಒಳಗೆ ಐದು ಜೀವ.

ಹಜಾರ್ಡ್ ಲೈಟ್ ಹಾಕಿ, ಎರಡೂ ಕಡೆ ನೋಡಿ, ಎಲ್ಲರನ್ನೂ ಎಡಕ್ಕೆ ಇಳಿಸಿ, ತಡೆಗೋಡೆ ಆಚೆ ನಿಲ್ಲಿಸಿ, ಆಮೇಲೆ ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ಅಂದೆ. "ಕಾರು ಸಾ?" ಅಂದರು. ಕಾರು ಹಾಳಾಗಿ ಹೋಗಲಿ, ಮೊದಲು ಇಳೀರಿ ಅಂತ ಕೂಗಿದೆ. ಅವರ ತಾಯಿಗೆ ಮಂಡಿನೋವು. ಆ ಅಜ್ಜಿಯನ್ನು ಎತ್ತಿ ದಾಟಿಸಿದ್ದು ಯಾರು ಗೊತ್ತಾ? ಹಾರ್ನ್ ಒತ್ತಿಹಿಡಿದಿದ್ದ ಆ ಕಂಟೇನರ್ ಡ್ರೈವರೇ. ಮುಂದೆ ಎಡಕ್ಕೆ ಲಾರಿ ಹಾಕಿ, ಓಡಿಕೊಂಡು ಹಿಂದಕ್ಕೆ ಬಂದಿದ್ದ. ಕ್ಲೀನರ್ ಹುಡುಗ ಟವೆಲ್ ಬೀಸುತ್ತಾ ಬೇರೆ ಗಾಡಿಗಳನ್ನು ಬಲಕ್ಕೆ ಕಳಿಸಿದನಂತೆ. ಇಬ್ಬರೂ ಸೇರಿ ಕಾರನ್ನು ಬದಿಗೆ ತಳ್ಳಿಕೊಟ್ಟು ಹೋದರು. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಸೆಕ್ರೆಟರಿ ಮನೆಗೆ ಬಂದರು, ಬೆಟ್ಟದ ಪ್ರಸಾದ ಅಲ್ಲ, ಡೈರಿಯ ತುಪ್ಪ ಹಿಡಿದುಕೊಂಡು. ಕಾಫಿ ಕುಡಿದು, ಲೋಟ ಕೆಳಗಿಡುತ್ತಾ, "ಇದನ್ನ ನೀವು ಏಳ್ಕೊಡ್ನಿಲ್ವಲ್ಲ ಸಾ" ಅಂದರು. ಕೋಪದಿಂದ ಅಲ್ಲ. ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ತೋರಿಸುವ ಹಾಗೆ. ಆ ತುಪ್ಪ ನನಗೆ ಇಳಿಯಲಿಲ್ಲ.

ನನ್ನ ವಾದ ಆಗ ಹೀಗಿತ್ತು: ಕಲಿಯುವವರನ್ನು ಹೈವೇಗೆ ಒಯ್ಯುವುದು ಅಪಾಯ. ಸರಿ. ಆದರೆ ಅವರು ಹೈವೇಗೆ ಹೋಗದೆ ಇರುತ್ತಾರಾ? ಮಂಡ್ಯದವರಿಗೆ ಆಸ್ಪತ್ರೆ, ಮದುವೆ, ಮಗಳ ಕಾಲೇಜು, ಎಲ್ಲಕ್ಕೂ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಬೆಂಗಳೂರು. ಹೋಗೇ ಹೋಗುತ್ತಾರೆ. ವ್ಯತ್ಯಾಸ ಇಷ್ಟೇ. ನನ್ನ ಜೊತೆ ಹೋದರೆ ಎರಡು ಬ್ರೇಕು, ಎರಡು ಕನ್ನಡಿ, ಬೆನ್ನಿಗೊಂದು ಬೋರ್ಡು. ನಾನಿಲ್ಲದೆ ಹೋದರೆ ಹಿಂದಿನ ಸೀಟಿನಲ್ಲಿ ಅಜ್ಜಿ ಮತ್ತು ಮಕ್ಕಳು.

ಹಾಗೆ ಶುರುವಾಗಿದ್ದು ಹೈವೇ ಕ್ಲಾಸು. ಕೊನೆಯ ನಾಲ್ಕು ದಿನ, ಬೆಳಿಗ್ಗೆ ಆರರಿಂದ ಏಳು. ಊರು ದಾಟಿ ಇಂಡುವಾಳು ಕಡೆಗೆ ಹೋಗಿ, ಮೊದಲ ದಿನ ಪೂರ್ತಿ ಸರ್ವಿಸ್ ರಸ್ತೆಯಲ್ಲೇ. ಅದೇನೂ ಸುಲಭದ ಪಾಠ ಅಂತ ತಿಳಿಯಬೇಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದೂ ಮೇನ್ ರಸ್ತೆಗೆ ಬರುವ ಹಾಗಿಲ್ಲ. ಅಷ್ಟೂ ಸರ್ವಿಸ್ ರಸ್ತೆಗೆ ಇಳಿದಿವೆ. ಕಬ್ಬು ಅರೆಯುವ ಕಾಲದಲ್ಲಿ ಎರಡೆರಡು ಟ್ರೈಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರ್, ಹಿಂದೆ ಒಂದು ಲೈಟೂ ಇಲ್ಲ. ಎದುರಿಗೆ ರಾಂಗ್ ಸೈಡಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕು. ಬೈಕಿನವನೇ ನಮ್ಮನ್ನು ಗುರಾಯಿಸಿಕೊಂಡು ಹೋಗುತ್ತಾನೆ. ಮೇನ್ ರಸ್ತೆಗೆ ಬರಬಾರದು ಅಂದ ಗಾಡಿಗಳ ಪಟ್ಟಿಯಲ್ಲಿ ಎಲ್ ಬೋರ್ಡ್ ಕಾರು ಇಲ್ಲ. ಅದಕ್ಕೇ ಎರಡನೇ ದಿನ ಮೇಲೆ ಹತ್ತುತ್ತೇವೆ.

ಹತ್ತುವುದೇ ದೊಡ್ಡ ವಿದ್ಯೆ. ಮೇನ್ ರಸ್ತೆ ಸೇರುವ ಜಾಗದಲ್ಲಿ ಎಲ್ಲ ಹೊಸಬರೂ ಮಾಡುವ ಕೆಲಸ ಒಂದೇ, ನಿಲ್ಲುವುದು. ಊರಿನ ಕ್ರಾಸಿನಲ್ಲಿ ನಿಲ್ಲು ಅಂತ ಹದಿನೈದು ದಿನ ನಾನೇ ಹೇಳಿಕೊಟ್ಟಿರುತ್ತೇನೆ. ಇಲ್ಲಿ ನಿಂತರೆ ಸೊನ್ನೆಯಿಂದ ಎದ್ದು 90ರಲ್ಲಿ ಬರುವವರ ನಡುವೆ ತೂರಬೇಕು. ನಿಲ್ಲಬೇಡಿ, ಕನ್ನಡಿ ನೋಡುತ್ತಲೇ 60ಕ್ಕೆ ಏರಿಸಿ, ಸಂದು ನೋಡಿ ಸೇರಿಕೊಳ್ಳಿ ಅಂದರೆ ನಾನು ಯಾರೋ ಬೇರೆ ಮನುಷ್ಯ ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಮೇಲಿನವರೂ ಹಾಗೇ. ಒಬ್ಬ ಸೇರಿಕೊಳ್ಳಲು ಬರುತ್ತಿದ್ದಾನೆ ಅಂತ ಕಂಡರೆ ಬಲಕ್ಕೆ ಸರಿಯುವುದಿಲ್ಲ, ಇನ್ನಷ್ಟು ಒತ್ತುತ್ತಾರೆ. ಸಂದು ಕೊಟ್ಟರೆ ಆಸ್ತಿ ಬರೆದುಕೊಟ್ಟ ಹಾಗೆ.

ಮುಂದಿನ ಗಾಡಿಗೆ ಎಷ್ಟು ದೂರ ಬಿಡಬೇಕು ಅನ್ನುವುದಕ್ಕೆ ಮೀಟರ್ ಲೆಕ್ಕ ಹೇಳಿದರೆ ಯಾರಿಗೂ ತಲೆಗೆ ಹತ್ತುವುದಿಲ್ಲ. 100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ ಅಂದರೆ "ಹೌದಾ ಸಾರ್" ಅಂತಾರೆ, ಅಷ್ಟೇ. ಅದಕ್ಕೆ ಎಣಿಸಲು ಹೇಳುತ್ತೇನೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ಶುರು ಮಾಡಿ: ಕಬ್ಬಿನ ಲೋಡು ಒಂದು, ಕಬ್ಬಿನ ಲೋಡು ಎರಡು, ಕಬ್ಬಿನ ಲೋಡು ಮೂರು. ಮೂರನೇ ಲೋಡಿಗಿಂತ ಮೊದಲೇ ನೀವು ಆ ಕಂಬ ದಾಟಿದರೆ ಹತ್ತಿರ ಇದ್ದೀರಿ ಅಂತ ಅರ್ಥ. ಕಷ್ಟ ಏನೆಂದರೆ, ಮೂರು ಲೋಡಿನ ಸಂದು ಬಿಟ್ಟ ಕೂಡಲೇ ಯಾರಾದರೂ ಬಂದು ಅದರಲ್ಲಿ ಕೂರುತ್ತಾರೆ. ಮತ್ತೆ ಬಿಡಬೇಕು. ಮತ್ತೆ ಬಂದು ಕೂರುತ್ತಾರೆ. "ಹಿಂಗೇ ಬಿಡ್ತಾ ಹೋದ್ರೆ ವಾಪಸ್ ಮಂಡ್ಯಕ್ಕೇ ಬರ್ತೀವಿ ಸಾರ್" ಅಂತ ಒಬ್ಬ ಹುಡುಗ ಹೇಳಿದ್ದ.

ಇನ್ನೊಬ್ಬರು ಬಂದಿದ್ದರು, ನಮ್ಮ ಊರಿನವರೇ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಮಾಡಿ ವಾಪಸ್ ಬಂದವರು. ಅಲ್ಲಿ ವರ್ಷಗಟ್ಟಲೆ ಓಡಿಸಿದ್ದಾರೆ. ಇಲ್ಲಿಯ ರಸ್ತೆಗೆ ಭಯ, ಹತ್ತು ದಿನ ಜೊತೆಗೆ ಬನ್ನಿ ಅಂದರು. ಮೊದಲ ದಿನವೇ ಒಂದು ಕ್ರಾಸಿನಲ್ಲಿ ನಾವು ಬಲಕ್ಕೆ ತಿರುಗಬೇಕು, ಎದುರಿಂದ ಲಾರಿ ಬರುತ್ತಿದೆ. ಲಾರಿಯವನು ಎರಡು ಸಲ ಡಿಪ್ಪರ್ ಹೊಡೆದ. ಇವರು ಕೈ ಎತ್ತಿ ಥ್ಯಾಂಕ್ಸ್ ಹೇಳಿ, ಆರಾಮಾಗಿ ತಿರುಗಿಸಿದರು! ನಾನು ಎರಡೂ ಕಾಲಿನಲ್ಲಿ ಬ್ರೇಕ್ ತುಳಿದೆ. ಲಾರಿ ನಮ್ಮ ಮೂತಿಯ ಮುಂದೆ ಗಾಳಿ ಎಬ್ಬಿಸಿಕೊಂಡು ಹೋಯಿತು. "ಅವನು ಲೈಟ್ ಹಾಕಿದನಲ್ಲ, ಹೋಗಿ ಅಂತ?" ಅಂದರು. ಅಲ್ಲಿ ಲೈಟ್ ಮಿಂಚಿಸಿದರೆ ನೀನು ಹೋಗಪ್ಪಾ ಅಂತ ಸಾಮಾನ್ಯ ಅರ್ಥವಂತೆ. ಇಲ್ಲಿ ನಾನು ಬರ್ತಿದ್ದೀನಿ, ನೀನು ಅಲ್ಲೇ ಇರು ಅಂತ. ಒಂದೇ ಲೈಟು.

ಅವರಿಂದ ಇನ್ನೊಂದು ವಿಷಯ ತಿಳಿಯಿತು. ಅಲ್ಲೂ ಎಲ್ ಬೋರ್ಡ್ ನಮ್ಮದರ ಹಾಗೇ, ಬಿಳಿ ಮೇಲೆ ಕೆಂಪು. ಅಲ್ಲೂ ಕಲಿಯುವವರು ಮೋಟರ್‌ವೇಗೆ ಹೋಗುವ ಹಾಗೇ ಇರಲಿಲ್ಲ. ಲೈಸೆನ್ಸ್ ಬಂದ ಮಾರನೇ ದಿನ ಒಬ್ಬರೇ ಹೋಗಬಹುದಿತ್ತು, ಹಿಂದಿನ ದಿನ ಮೇಷ್ಟ್ರ ಜೊತೆ ಹೋಗುವ ಹಾಗಿರಲಿಲ್ಲ. 2018ರ ಜೂನ್ 4ರಿಂದ ಅದನ್ನು ಬದಲಾಯಿಸಿದರು. ಮಾನ್ಯತೆ ಇರುವ ಮೇಷ್ಟ್ರು ಜೊತೆಗಿರಬೇಕು, ಕಾರಿನಲ್ಲಿ ಎರಡು ಬ್ರೇಕ್ ಇರಬೇಕು, ಆಗ ಹೋಗಬಹುದು. ಮನೆಯವರ ಜೊತೆ ಕಲಿಯುವವರಿಗೆ ಈಗಲೂ ಇಲ್ಲ. ನನಗೆ ಸಮಾಧಾನ ಆಯಿತು. ನಮ್ಮ ಡೈರಿ ಸೆಕ್ರೆಟರಿಗೆ ಹೊಳೆದಿದ್ದು ಅಲ್ಲಿಯವರಿಗೂ ತಡವಾಗಿಯೇ ಹೊಳೆದಿದೆ.

ಎರಡು ಬ್ರೇಕ್ ಅಂತ ಹೇಳುತ್ತಿದ್ದೇನೆ, ಆದರೆ ಅದರ ಮೇಲೂ ಪೂರ್ತಿ ನಂಬಿಕೆ ಇಡುವ ಹಾಗಿಲ್ಲ. ಊರೊಳಗೆ ನನ್ನ ಬ್ರೇಕು ದೇವರು. ಏನೇ ಆದರೂ ತುಳಿದರೆ ಮುಗಿಯಿತು. ಹೈವೇಯಲ್ಲಿ ಬೆನ್ನಿಗೊಬ್ಬ ಅಂಟಿಕೊಂಡಿರುವಾಗ ಅದೇ ಬ್ರೇಕು ಶತ್ರು. ನಾನು ತುಳಿದರೆ ಹಿಂದಿನವನು ನಮ್ಮ ಸೀಟಿಗೇ ಬರುತ್ತಾನೆ. ಟೀಚರಮ್ಮನ ಬೆನ್ನಿಗೆ ಆ ಬಿಳಿ ಗಾಡಿ ಬಿದ್ದಾಗ ಆಗಿದ್ದು ಅದೇ. ಅವರ ಬಲಗಾಲು ಆಕ್ಸಿಲರೇಟರಿನಿಂದ ಎದ್ದು ಬ್ರೇಕಿನ ಕಡೆಗೆ ಹೊರಟಿದ್ದು ನನಗೆ ಕಂಡಿತು. ನನ್ನ ಕಾಲೂ ತಾನಾಗಿ ಹೊರಟಿತ್ತು. ಎರಡನ್ನೂ ತಡೆಯಬೇಕಾಗಿತ್ತು. "ಬ್ರೇಕ್ ಬೇಡ ಮೇಡಂ. ಕಾಲು ಸ್ವಲ್ಪ ಎತ್ತಿ, ಅಷ್ಟೇ. ಕೈ ನೇರ. ಕನ್ನಡಿ ನೋಡ್ಬೇಡಿ, ಅದನ್ನ ನಾನು ನೋಡ್ತೀನಿ. ನೀವು ರಸ್ತೆ ನೋಡಿ." ಸ್ಟೀರಿಂಗ್ ಕೆಳಗೆ ನನ್ನ ಬಲಗೈ ಇಟ್ಟುಕೊಂಡು ಕೂತಿದ್ದೆ. ಹನ್ನೆರಡು ಸೆಕೆಂಡೋ ಹದಿನೈದು ಸೆಕೆಂಡೋ. ಅಷ್ಟರಲ್ಲಿ ನನ್ನ ಬನಿಯನ್ ಒದ್ದೆ.

ಕಂಡೂ ಹತ್ತಿರ ಬರುವವರ ವಿಷಯಕ್ಕೆ ಆಮೇಲೆ ಬರುತ್ತೇನೆ ಅಂದಿದ್ದೆ.

ಎಡಗಡೆ ಸೀಟಿನಿಂದ ನನಗೆ ಅವರೆಲ್ಲರ ಮುಖ ಕಾಣುತ್ತದೆ. ಬಲಗಡೆಯಿಂದ ದಾಟುವಾಗ ಹತ್ತರಲ್ಲಿ ಏಳೆಂಟು ಜನ ತಿರುಗಿ ನೋಡುತ್ತಾರೆ. 90, 100ರಲ್ಲಿ ರಸ್ತೆ ಬಿಟ್ಟು ನಮ್ಮ ಕಡೆ ಕಣ್ಣು. ಸ್ಟೀರಿಂಗ್ ಹಿಡಿದಿರುವುದು ಹೆಂಗಸು ಅಂತ ಕಂಡರೆ ಮುಖದಲ್ಲಿ ಒಂದು 'ನಾನು ಅಂದುಕೊಂಡೆ' ಬರುತ್ತದೆ. ಗಂಡಸಾದರೆ, ವಯಸ್ಸಾದವರಾದರೆ 'ಈ ವಯಸ್ಸಿಗೆ ಬೇಕಿತ್ತಾ'. ಹುಡುಗನಾದರೆ ರೇಸಿಗೆ ಕರೆಯುತ್ತಾರೆ. ಕ್ಯಾಮರಾ ಕಂಡ ಕಡೆ ಇದೇ ಜನ ಹಸುವಿನ ಹಾಗೆ ಹೋಗುತ್ತಾರೆ. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದ ಮೇಲೆ ಹುಚ್ಚು ವೇಗ ಕಡಿಮೆಯಾಗಿದ್ದು ನನ್ನ ಕಣ್ಣಿಗೂ ಕಂಡಿದೆ. ಆದರೆ ಮುಂದಿನ ಗಾಡಿಗೆ ಎಷ್ಟು ಅಂಟಿಕೊಂಡಿದ್ದಾನೆ ಅಂತ ಯಾವ ಚಲನ್ನೂ ಮನೆಗೆ ಬಂದಿದ್ದು ನಾನು ಕಂಡಿಲ್ಲ. 80ರಲ್ಲೇ ಹೋಗಿ, ನಿಯಮ ಮೀರದೇ, ಒಬ್ಬರನ್ನು ಸಾಯುವಷ್ಟು ಹೆದರಿಸಬಹುದು.

ನನಗೆ ಇದು ಹೇಗೆ ಗೊತ್ತು ಅಂದರೆ, ನಾನೂ ಮಾಡಿದ್ದೇನೆ.

ಸ್ಕೂಲು ತೆಗೆಯುವ ಮೊದಲು ಎಂಟು ವರ್ಷ ಟೂರಿಸ್ಟ್ ಟೆಂಪೋ ಓಡಿಸುತ್ತಿದ್ದೆ, ಇದೇ ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ. ಅರಮನೆ ಲೈಟಿಂಗಿಗೆ ಏಳು ಗಂಟೆಗೆ ಪಾರ್ಟಿಯನ್ನು ಮುಟ್ಟಿಸಬೇಕು. ಎಲ್ ಬೋರ್ಡ್ ಕಂಡರೆ ಮೈಯೆಲ್ಲಾ ಉರಿಯುತ್ತಿತ್ತು. ಆ ಮನುಷ್ಯ ಬೇಕು ಅಂತಲೇ ನನ್ನ ದಾರಿಗೆ ಬಂದು ಕೂತಿದ್ದಾನೆ ಅನ್ನಿಸುತ್ತಿತ್ತು. ಒಂದು ಸಂಜೆ ಯಲಿಯೂರು ಹತ್ತಿರ ಒಂದು ಮಾರುತಿ 800. ಹಿಂದೆ ರಟ್ಟಿನ ಮೇಲೆ ಬರೆದ ಎಲ್, ದಾರದಲ್ಲಿ ಕಟ್ಟಿದ್ದು. ಒಳಗೆ ಬಿಳಿ ಕೂದಲಿನ ಒಬ್ಬ ಯಜಮಾನರು, ಪಕ್ಕದಲ್ಲಿ ಒಬ್ಬ ಹುಡುಗ, ಮಗನಿರಬೇಕು. ನಾನು ಏರ್ ಹಾರ್ನ್ ಒತ್ತಿದೆ. ಸರಿಯಲಿಲ್ಲ. ಅಂಟಿಕೊಂಡು ಹೋದೆ. ಆಮೇಲೆ ಬಲಕ್ಕೆ ಎಳೆದು, ಪೂರ್ತಿ ದಾಟುವ ಮೊದಲೇ ಎಡಕ್ಕೆ ಕಟ್ ಹೊಡೆದೆ. ಪಾಠ ಕಲಿಸುವುದು ಅಂತೀವಲ್ಲ, ಹಾಗೆ. ಕನ್ನಡಿಯಲ್ಲಿ ನೋಡಿದೆ. ಕಾರು ಟಾರಿನಿಂದ ಮಣ್ಣಿಗೆ ಇಳಿಯಿತು. ಧೂಳು ಎದ್ದಿತು. ಧೂಳಿನ ಹಿಂದೆ ಏನಾಯಿತು ಅಂತ ಕಾಣಲಿಲ್ಲ. ಮುಂದೆ ತಿರುವು ಬಂತು.

ಪಾರ್ಟಿಯವರಲ್ಲಿ ಒಬ್ಬರು ಚಪ್ಪಾಳೆ ಹೊಡೆದಿದ್ದರು. ಏಳಕ್ಕೆ ಐದು ನಿಮಿಷ ಇರುವಾಗಲೇ ಅರಮನೆ ಮುಟ್ಟಿಸಿದೆ.

ಇದನ್ನು ಇಲ್ಲಿಯವರೆಗೆ ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಯಲಿಯೂರು ಹತ್ತಿರ ಬಂದಾಗ ನಾನು ಮಾತು ನಿಲ್ಲಿಸುತ್ತೇನೆ ಅಂತ ಕಲಿಯುವ ಹುಡುಗರು ಗಮನಿಸಿದ್ದಾರೆ. ಸಾರ್ ಅಲ್ಲಿ ಟೆಸ್ಟ್ ಮಾಡ್ತಾರೆ ಅಂದುಕೊಂಡಿದ್ದಾರೆ.

ಟೀಚರಮ್ಮನಿಗೆ ಅವತ್ತು ಏನು ಹೇಳಿದೆ? ಬೋರ್ಡ್ ತೆಗೆಯುವ ಹಾಗಿಲ್ಲ ಮೇಡಂ, ಎಲ್‌ಎಲ್‌ಆರ್ ಇರುವವರೆಗೂ ಮುಂದೆ, ಹಿಂದೆ ಎರಡು ಕಡೆಯೂ ಇರಲೇಬೇಕು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂವತ್ತು ವರ್ಷ ಸರ್ಕಾರಿ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವರು. ಹಿಂದಿನ ಬೆಂಚಿನ ಹುಡುಗರನ್ನು ನೋಡಿದವರು. "ಹಂಗಾದ್ರೆ ದೊಡ್ಡದು ಹಾಕಿ ಸಾರ್. ಕಾಣದೇ ಇರೋಷ್ಟು ಚಿಕ್ಕದು, ಅಣಕಿಸೋಕೆ ಸಾಕಾಗೋಷ್ಟು ದೊಡ್ಡದು, ಇದೇನಿದು?"

ಮಾರನೇ ದಿನ ಅವರೇ ತಂದರು. ಸ್ಕೂಲಿನ ಬಿಳಿ ಚಾರ್ಟ್ ಪೇಪರು, ಅದರ ತುಂಬಾ ಕೆಂಪು ಮಾರ್ಕರಿನಲ್ಲಿ ತುಂಬಿದ ಎಲ್. ಅಂಚಿಗೆ ಅಭ್ಯಾಸಬಲದಿಂದ ಬಾರ್ಡರ್ ಬೇರೆ ಹಾಕಿದ್ದರು. ಡಿಕ್ಕಿಗೆ ಟೇಪ್ ಹಾಕಿ ಅಂಟಿಸಿದೆವು. 75ಕ್ಕೆ ಮುಟ್ಟಿದ ಕೂಡಲೇ ಒಂದು ಮೂಲೆ ಎದ್ದು ಪಟಪಟ ಅಂತ ಹೊಡೆದುಕೊಳ್ಳತೊಡಗಿತು. ಸುಂಡಹಳ್ಳಿ ದಾಟುವಾಗ ಕಿತ್ತು ಹಾರಿಹೋಯಿತು. ಎಲ್ಲೋ ಒಂದು ಕಬ್ಬಿನ ಗದ್ದೆಯಲ್ಲಿ ಆ ಎಲ್ ಇನ್ನೂ ಬಿದ್ದಿರಬೇಕು.

ಆಮೇಲೆ ನಂಬರ್ ಪ್ಲೇಟ್ ಬರೆಯುವ ಹುಡುಗನ ಹತ್ತಿರ ಹೋಗಿ, ರಾತ್ರಿ ಲೈಟಿಗೆ ಹೊಳೆಯುವ ಸ್ಟಿಕರಿನಲ್ಲಿ ಒಂದೂವರೆ ಅಡಿಯ ಎಲ್ ಮಾಡಿಸಿದೆ. ಹಿಂದಿನ ಗಾಜಿನ ಕೆಳಗೆ, ಡಿಕ್ಕಿ ಬಾಗಿಲಿನ ಮೇಲೆ ಕೂತಿದೆ. ಈಗ ದೂರದಿಂದಲೇ ಜಾಸ್ತಿ ಜನ ಬಲಕ್ಕೆ ಸರಿಯುತ್ತಾರೆ. ಕೆಲವರು ಹತ್ತಿರ ಬಂದು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ತೆಗೆಯಲಿ. ನಮ್ಮ ಬೀದಿಯ ಹುಡುಗರು ಕಾರಿಗೆ ಲಕ್ಷ್ಮಿ ಅಂತ ಹೆಸರಿಟ್ಟಿದ್ದಾರೆ, ಎಲ್ ಇದೆಯಲ್ಲ ಅದಕ್ಕೆ.

ಹೈವೇ ಇಳಿದ ಮೇಲೆ ಒಂದು ವಿಷಯ ಜ್ಞಾಪಕ ಇರಲಿ, ಇದನ್ನು ಯಾರೂ ಹೇಳುವುದಿಲ್ಲ. ಅರ್ಧ ಗಂಟೆ 80ರಲ್ಲಿ ಹೋಗಿ ಸರ್ವಿಸ್ ರಸ್ತೆಗೆ ಇಳಿದರೆ 50 ಅನ್ನುವುದು ನಿಂತ ಹಾಗೆ ಅನ್ನಿಸುತ್ತದೆ. ಕಣ್ಣಿಗೆ ಮೋಸ. ಅದೇ ಜೋರಿನಲ್ಲಿ ಮೊದಲ ಹಂಪ್ ಹಾರಿಸುತ್ತಾರೆ. ಇಳಿಯುವ ಜಾಗದಲ್ಲಿ ಮೀಟರ್ ಮುಳ್ಳು ನೋಡಿ, ಕಣ್ಣನ್ನು ನಂಬಬೇಡಿ. ನನ್ನ ಸೊಂಟ ಇದಕ್ಕೆ ಸಾಕ್ಷಿ.

ಟೀಚರಮ್ಮನ ಕೊನೆಯ ಕ್ಲಾಸು ಒಂದು ಸೋಮವಾರ. ಸೋಮವಾರ ಬೆಳಿಗ್ಗೆ ವೀಕೆಂಡ್ ಮುಗಿಸಿ ವಾಪಸ್ ಹೋಗುವವರು ಬೆಂಗಳೂರು ಕಡೆಗೆ ಜಾಸ್ತಿ, ಮೈಸೂರು ಕಡೆಗೆ ಸ್ವಲ್ಪ ಆರಾಮ. ಹತ್ತುವ ಜಾಗಕ್ಕೆ ಬಂದೆವು. 40, 50. ಕನ್ನಡಿಯಲ್ಲಿ ಎಡಗಡೆ ಲೇನಿನಲ್ಲಿ ಒಂದು ಕೆಂಪು ಬಸ್ಸು, ಅದರ ಹಿಂದೆ ಸಾಲು. ನಾನು ಮನಸ್ಸಿನಲ್ಲೇ ಆಯಿತು ಅಂದುಕೊಂಡೆ. ಬಸ್ಸು ಬಲಕ್ಕೆ ಸರಿಯಲು ಆಗುತ್ತಿರಲಿಲ್ಲ, ಪಕ್ಕದಲ್ಲಿ ಒಂದು ಟ್ಯಾಂಕರ್ ಇತ್ತು. ಟೀಚರಮ್ಮನ ಕಾಲು ಮತ್ತೆ ಬ್ರೇಕಿನ ಕಡೆ ನೋಡುತ್ತಿತ್ತು.

ಬಸ್ಸು ನಿಧಾನ ಆಯಿತು. ಡಿಪ್ಪರ್ ಇಲ್ಲ, ಹಾರ್ನ್ ಇಲ್ಲ. ವೇಗ ಇಳಿಸಿ, ಅಷ್ಟು ದೊಡ್ಡ ಮೈಯನ್ನು ಗೋಡೆಯ ಹಾಗೆ ಹಿಂದಿನವರಿಗೆ ಅಡ್ಡ ಇಟ್ಟುಕೊಂಡು ಬಂತು. ಮುಂದೆ ನಮಗೆ ಮೂರು ಲೋಡಿನ ಸಂದು.

"ಹೋಗಿ ಮೇಡಂ, ನಿಮಗೇ ಬಿಟ್ಟಿದ್ದಾರೆ."

ಸೇರಿಕೊಂಡರು. 60, 70, ನಾಲ್ಕನೇ ಗೇರು, ಐದು. ಖುಷಿಯಲ್ಲಿ ಬಲಗೈ ಕಿಟಕಿಯ ಆಚೆ ಹಾಕಿ ಬಸ್ಸಿನವರಿಗೆ ಟಾಟಾ ಮಾಡಿದರು. ಮಕ್ಕಳಿಗೆ ಮಾಡುವ ಹಾಗೆ, ಐದೂ ಬೆರಳು ಬಿಚ್ಚಿ. ಕೈ ಒಳಗೆ ಎಳೆದುಕೊಂಡು ಇಂಡಿಕೇಟರ್ ಆಫ್ ಮಾಡಲು ಹೋಗಿ ವೈಪರ್ ಹಾಕಿದರು. ಒಣ ಗಾಜಿನ ಮೇಲೆ ಅದು ಕಿರ್ರೋ ಅಂತ ಓಡಾಡಲು ಶುರು ಮಾಡಿತು.

"ಹಾರ್ನೇ ಹೊಡೀಲಿಲ್ಲ ನೋಡಿ ಸಾರ್!"

"ಹೌದು ಮೇಡಂ. ವೈಪರ್ ಆಫ್ ಮಾಡಿ."

"ಇರ್ಲಿ ಬಿಡಿ ಸಾರ್, ಈಗ ಕೈ ತೆಗಿಯಕ್ಕಾಗಲ್ಲ."

ಗಣಂಗೂರು ಟೋಲಿಗಿಂತ ಮೊದಲು ಇಳಿಯುವವರೆಗೂ ಅದು ಹಾಗೇ ಓಡುತ್ತಿತ್ತು.